ಒಂದು ಶುಕ್ರವಾರದ ಮಸೂದೆ

ಸಂಸತ್ತಿನ ಅಧಿವೇಶನ ನಡೆಯುವ ದಿನಗಳಲ್ಲಿ ದೆಹಲಿಯ ಕೇಂದ್ರ ಸರ್ಕಾರಿ ಕಚೇರಿಗಳ ನಡಿಗೆಯೇ ಬೇರೆ. ರಜೆ ಸಿಗುವುದು ಕಷ್ಟ. ಚುಕ್ಕೆ ಗುರುತಿನ ಪ್ರಶ್ನೆಗಳಿಗೆ ಉತ್ತರ, ಉತ್ತರಕ್ಕೆ ಪೂರಕ ಟಿಪ್ಪಣಿ, ಟಿಪ್ಪಣಿಗೆ ಅನುಬಂಧ ಎಂದು ಕಡತಗಳು ರಾತ್ರಿಯವರೆಗೂ ಓಡಾಡುತ್ತಿರುತ್ತವೆ. ಈ ಒತ್ತಡ ತುಸು ಸಡಿಲಗೊಳ್ಳುವುದು ಶುಕ್ರವಾರ ಮಧ್ಯಾಹ್ನ. ಅಂದು ಊಟದ ನಂತರದ ಎರಡೂವರೆ ಗಂಟೆ ಖಾಸಗಿ ಸದಸ್ಯರ ಕಲಾಪಕ್ಕೆ ಮೀಸಲು. ಮಂತ್ರಿಗಳಲ್ಲದ ಎಲ್ಲರೂ ಸಂಸತ್ತಿನ ಪರಿಭಾಷೆಯಲ್ಲಿ ಖಾಸಗಿ ಸದಸ್ಯರೇ. ಆಳುವ ಪಕ್ಷದ ಹಿಂದಿನ ಸಾಲಿನಲ್ಲಿ ಕುಳಿತವರೂ ಈ ಲೆಕ್ಕಕ್ಕೆ ಸೇರುತ್ತಾರೆ. ಅವರು ತರುವ ಮಸೂದೆಗಳ ಮೇಲೆ ಒಳ್ಳೆಯ ಮಾತುಗಳಾಗುತ್ತವೆ. ಸಂಬಂಧಪಟ್ಟ ಮಂತ್ರಿಗಳು ಆಶಯವನ್ನು ಕೊಂಡಾಡುತ್ತಾರೆ, ಸರ್ಕಾರವೇ ಸಮಗ್ರವಾದ ಕಾನೂನನ್ನು ತರಲಿದೆಯೆಂದು ಭರವಸೆ ಕೊಡುತ್ತಾರೆ, ಆದ್ದರಿಂದ ಮಸೂದೆಯನ್ನು ಹಿಂತೆಗೆದುಕೊಳ್ಳಬೇಕೆಂದು ವಿನಂತಿಸುತ್ತಾರೆ. ಸದಸ್ಯರು ಹಿಂತೆಗೆದುಕೊಳ್ಳುತ್ತಾರೆ. ಸದನ ಮುಂದಿನ ವಾರಕ್ಕೆ ಮುಂದೂಡಲ್ಪಡುತ್ತದೆ.

2015ರ ಏಪ್ರಿಲ್ 24 ಕೂಡ ಒಂದು ಶುಕ್ರವಾರ. ಅಂದು ರಾಜ್ಯಸಭೆಯಲ್ಲಿ ಈ ವಾಡಿಕೆ ಕೊನೆಯ ಹೆಜ್ಜೆಯಲ್ಲಿ ತಪ್ಪಿತು. ತಮಿಳುನಾಡಿನ ಡಿಎಂಕೆ ಸದಸ್ಯರಾದ ತಿರುಚ್ಚಿ ಶಿವ ಅವರು ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಕುರಿತು ಹಿಂದಿನ ವರ್ಷದ ಡಿಸೆಂಬರ್ 12ರಂದು ಮಂಡಿಸಿದ್ದ ಮಸೂದೆ ಚರ್ಚೆಯಲ್ಲಿತ್ತು. ಮಂತ್ರಿಗಳು ಎಂದಿನಂತೆ ಹಿಂತೆಗೆದುಕೊಳ್ಳಲು ಕೇಳಿದರು. ಶಿವ ಅವರು ಒಪ್ಪಲಿಲ್ಲ. ಮಸೂದೆಯನ್ನು ಮತಕ್ಕೆ ಹಾಕಬೇಕೆಂದರು. ಅದು ಧ್ವನಿಮತದಿಂದ, ಸರ್ವಾನುಮತದಿಂದ, ಅಂಗೀಕಾರವಾಯಿತು.

ಇದೆಷ್ಟು ಅಪರೂಪದ ಘಟನೆಯೆಂಬುದನ್ನು ತಿಳಿಯಲು ಸ್ವಲ್ಪ ಹಿಂದಿನ ಲೆಕ್ಕ ನೋಡಬೇಕು. ಸ್ವಾತಂತ್ರ್ಯಾನಂತರ ಸಂಸತ್ತಿನ ಎರಡೂ ಸದನಗಳನ್ನು ದಾಟಿ ಕಾಯಿದೆಯಾದ ಖಾಸಗಿ ಸದಸ್ಯರ ಮಸೂದೆಗಳು ಒಟ್ಟು 14. ಸಂಸತ್ತಿನ ಕಲಾಪವನ್ನು ನಿರ್ಭಯವಾಗಿ ಪ್ರಕಟಿಸಲು ಪತ್ರಿಕೆಗಳಿಗೆ ರಕ್ಷಣೆ ಕೊಟ್ಟ 1956ರ ಕಾಯಿದೆ ಅವುಗಳಲ್ಲೊಂದು; ಅದನ್ನು ತಂದವರು ಫಿರೋಜ್ ಗಾಂಧಿ. ಈ ಸಾಲಿನ ಕೊನೆಯದು 1970ರಲ್ಲಿ ಜಾರಿಗೆ ಬಂದಿತು. ಸುಪ್ರೀಂ ಕೋರ್ಟಿನ ಕ್ರಿಮಿನಲ್ ಮೇಲ್ಮನವಿಯ ವ್ಯಾಪ್ತಿಯನ್ನು ಹಿಗ್ಗಿಸಿದ ಆ ಕಾಯಿದೆಯನ್ನು ತಂದವರು ನ್ಯಾಯಾಧೀಶರೂ ಉರ್ದು ಕವಿಗಳೂ ಆಗಿದ್ದ ಆನಂದ ನಾರಾಯಣ ಮುಲ್ಲಾ. ಅಲ್ಲಿಂದ ಮುಂದೆ ಬಾಗಿಲು ಮುಚ್ಚಿದಂತೆಯೇ ಆಯಿತು. ಕಾಯಿದೆಯಾಗುವುದು ಒತ್ತಟ್ಟಿಗಿರಲಿ, ರಾಜ್ಯಸಭೆಯೊಂದೇ ಖಾಸಗಿ ಸದಸ್ಯರ ಮಸೂದೆಯೊಂದನ್ನು ಅಂಗೀಕರಿಸಿ 36 ವರ್ಷಗಳಾಗಿದ್ದವು. ಅಂತಹ ಸದನದಲ್ಲಿ, ಅಂತಹ ವಿಷಯದ ಮೇಲೆ, ವಿರೋಧ ಪಕ್ಷದ ಒಬ್ಬ ಸದಸ್ಯರ ಮಸೂದೆ ಗೆದ್ದಿತು. ಅದು ಹೇಗೆ ಗೆದ್ದಿತು, ಗೆದ್ದ ನಂತರ ಏನಾಯಿತು ಎಂಬುದೇ ಈ ಬರಹದ ವಿಷಯ. ಶಾಸಕಾಂಗದಲ್ಲಿ ಬೆಂಬಲ ಎಂಬ ಮಾತಿಗೆ ಏನರ್ಥ ಎಂಬುದನ್ನು ಈ ನಾಲ್ಕೂವರೆ ವರ್ಷಗಳ ಕಥೆಯಷ್ಟು ಸ್ಪಷ್ಟವಾಗಿ ಹೇಳುವ ಇನ್ನೊಂದು ಪ್ರಸಂಗ ನಮಗೆ ಕಂಡಿಲ್ಲ.

ಈ ಮಸೂದೆ ಶೂನ್ಯದಿಂದ ಹುಟ್ಟಿದ್ದಲ್ಲ. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ದಂಡ ಸಂಹಿತೆಯ 377ನೇ ಕಲಮನ್ನು ಎತ್ತಿಹಿಡಿದಿತ್ತು. ಸಲಿಂಗ ಸಂಬಂಧ ಅಪರಾಧವಲ್ಲವೆಂದು 2009ರಲ್ಲಿ ದೆಹಲಿ ಹೈಕೋರ್ಟು ಕೊಟ್ಟಿದ್ದ ತೀರ್ಪು ಹೀಗೆ ರದ್ದಾಯಿತು. ಆ ಕಲಮನ್ನು ತೆಗೆಯುವುದಾಗಲಿ ತಿದ್ದುವುದಾಗಲಿ ಶಾಸಕಾಂಗಕ್ಕೆ ಬಿಟ್ಟ ವಿಷಯವೆಂದು ಅದೇ ತೀರ್ಪು ಹೇಳಿತು. ನಾಲ್ಕು ತಿಂಗಳ ನಂತರ, 2014ರ ಏಪ್ರಿಲ್ 15ರಂದು, ಅದೇ ನ್ಯಾಯಾಲಯದ ಇನ್ನೊಂದು ಪೀಠ ಬೇರೊಂದು ದಾರಿ ಹಿಡಿಯಿತು. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ಹೂಡಿದ್ದ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಕೆ. ಎಸ್. ರಾಧಾಕೃಷ್ಣನ್ ಮತ್ತು ನ್ಯಾಯಮೂರ್ತಿ ಎ. ಕೆ. ಸಿಕ್ರಿ ಅವರು, ತಾನು ಗಂಡೋ ಹೆಣ್ಣೋ ಅಥವಾ ಮೂರನೆಯ ಲಿಂಗವೋ ಎಂಬುದನ್ನು ನಿರ್ಧರಿಸುವ ಹಕ್ಕು ಆ ವ್ಯಕ್ತಿಯದೇ ಎಂದರು. ಅದಕ್ಕಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರಬೇಕೆಂದು ಒತ್ತಾಯಿಸುವುದು ಕಾನೂನುಬಾಹಿರವೆಂದರು. ಈ ಸಮುದಾಯವನ್ನು ಸಾಮಾಜಿಕವಾಗಿಯೂ ಶೈಕ್ಷಣಿಕವಾಗಿಯೂ ಹಿಂದುಳಿದ ವರ್ಗವೆಂದು ಪರಿಗಣಿಸಿ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲಾತಿ ಕೊಡಬೇಕೆಂದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳಿಗೆ ನಿರ್ದೇಶಿಸಿದರು. ಅಂದರೆ ನ್ಯಾಯಾಲಯ ಒಂದು ಕೈಯಿಂದ ಕಸಿದುಕೊಂಡು ಇನ್ನೊಂದು ಕೈಯಿಂದ ಕೊಟ್ಟಿತ್ತು. ಎರಡೂ ಕಡೆ ಕೊನೆಯ ಮಾತನ್ನು ಹೇಳಬೇಕಾದದ್ದು ಸಂಸತ್ತು.

ಹೇಳುವುದು ಏಕೆ ಅಗತ್ಯವಾಗಿತ್ತು ಎಂಬುದಕ್ಕೆ ನಮ್ಮ ಹಳೆಯ ಕಾಯಿದೆ ಪುಸ್ತಕಗಳೇ ಸಾಕ್ಷಿ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯ ಎರಡನೆಯ ಭಾಗ ಹಿಜ್ರಾಗಳ ಹೆಸರು ಮತ್ತು ವಾಸಸ್ಥಳದ ದಾಖಲೆ ಇಡಬೇಕೆಂದಿತು. ಹೆಣ್ಣುಡುಗೆ ತೊಟ್ಟು ಬೀದಿಯಲ್ಲಿ ಕುಣಿಯುವುದನ್ನು ಶಿಕ್ಷಾರ್ಹಗೊಳಿಸಿತು. ಬ್ರಿಟಿಷರ ಈ ಮಾದರಿಯನ್ನು ಹೈದರಾಬಾದಿನ ನಿಜಾಮರ ಆಡಳಿತ 1919ರಲ್ಲಿ ತನ್ನದಾಗಿಸಿಕೊಂಡಿತು. ಅಂದಿನ ಹೈದರಾಬಾದ್ ಸಂಸ್ಥಾನದಲ್ಲಿ ಬೀದರ, ಕಲಬುರಗಿ, ರಾಯಚೂರುಗಳೂ ಇದ್ದವೆಂಬುದನ್ನು ಮರೆಯಲಾಗದು. ಆ ಕಾಯಿದೆಯ ನೆರಳು ಕರ್ನಾಟಕದ ಮೇಲೆ ಬಿದ್ದದ್ದು ಗಣರಾಜ್ಯವಾಗಿ 60 ವರ್ಷ ಕಳೆದ ಮೇಲೆ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೆ 36ಎ ಎಂಬ ಕಲಮನ್ನು ಸೇರಿಸಲಾಯಿತು. ನಪುಂಸಕರ ‘ಅನಪೇಕ್ಷಿತ ಚಟುವಟಿಕೆ’ಗಳನ್ನು ಹತ್ತಿಕ್ಕುವ, ಸಂಶಯಿತರ ಹೆಸರು ವಿಳಾಸಗಳ ದಾಖಲೆ ಇಡುವ ಅಧಿಕಾರವನ್ನು ಅದು ಪೊಲೀಸ್ ಆಯುಕ್ತರಿಗೆ ಕೊಟ್ಟಿತು. ಒಬ್ಬ ವ್ಯಕ್ತಿ ಏನು ಮಾಡಿದ ಎಂಬುದನ್ನು ಬಿಟ್ಟು ಯಾರಾಗಿ ಹುಟ್ಟಿದ ಎಂಬುದರ ಮೇಲೆ ಸಂಶಯಪಡುವ ಕಾನೂನು ಅದು. ಹೈಕೋರ್ಟಿನಲ್ಲಿ ಪ್ರಶ್ನಿಸಲ್ಪಟ್ಟ ಮೇಲೆ ಆ ಪದವನ್ನು ತಿದ್ದಲಾಯಿತು. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಜೋಗಪ್ಪನ ಕಾಲಿಗೆರಗುವ ನಾಡಿನಲ್ಲಿ, ಅದೇ ಜೋಗಪ್ಪ ಬೆಂಗಳೂರಿನ ಬೀದಿಗೆ ಬಂದರೆ ಠಾಣೆಯ ಪಟ್ಟಿಯಲ್ಲಿ ಒಂದು ಹೆಸರು. ಪೂಜ್ಯತೆ ಹಕ್ಕಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ಉದಾಹರಣೆ ಬೇಕಿಲ್ಲ.

ಇಂತಹ ಮಸೂದೆ ತಮಿಳುನಾಡಿನ ಸದಸ್ಯರಿಂದ ಬಂದದ್ದರಲ್ಲಿಯೂ ಒಂದು ಹಿನ್ನೆಲೆಯಿದೆ. ವಿಲ್ಲುಪುರಂ ಸೀಮೆಯ ಕೂವಾಗಂ ಗ್ರಾಮದ ಕೂತ್ತಾಂಡವರ್ ಜಾತ್ರೆ ಪ್ರಸಿದ್ಧವಾದದ್ದು. ಅಲ್ಲಿ ಅರವಾನನನ್ನು ವರಿಸಿ ಮರುದಿನ ವಿಧವೆಯರಾಗುವ ‘ಅರವಾಣಿ’ಯರ ಆಚರಣೆ ಚೆನ್ನೈನ ಕನ್ನಡಿಗರಿಗೆ ಅಪರಿಚಿತವೇನಲ್ಲ. ಆದರೆ ತಮಿಳುನಾಡು ಆಚರಣೆಗೇ ನಿಲ್ಲಲಿಲ್ಲ. ಕರುಣಾನಿಧಿಯವರು ಮುಖ್ಯಮಂತ್ರಿಯಾಗಿದ್ದಾಗ, 2008ರ ಏಪ್ರಿಲ್‌ನಲ್ಲಿ, ಈ ಸಮುದಾಯಕ್ಕೆಂದೇ ಒಂದು ಕಲ್ಯಾಣ ಮಂಡಳಿ ಸ್ಥಾಪನೆಯಾಯಿತು. ‘ತಿರುನಂಗೈ’ ಎಂಬ ಗೌರವದ ಹೆಸರು ಸರ್ಕಾರಿ ಬಳಕೆಗೆ ಬಂದಿತು. ಕಚೇರಿಯ ಕಾಗದದಲ್ಲಿ ಬೈಗುಳವಲ್ಲದ ಒಂದು ಹೆಸರು ಸಿಗುವುದು ಸಣ್ಣ ಸಂಗತಿಯಲ್ಲ. ಹೆಸರಿಲ್ಲದವರಿಗೆ ಅರ್ಜಿ ಹಾಕುವ ದಾರಿಯೇ ಇರುವುದಿಲ್ಲ. ಶಿವ ಅವರ ಮಸೂದೆಯ ಹಿಂದೆ ರಾಜ್ಯವೊಂದರ ಆಡಳಿತದ ಈ ಅನುಭವವಿತ್ತು.

ಮಸೂದೆಯಲ್ಲಿ 10 ಅಧ್ಯಾಯಗಳು, 58 ಕಲಮುಗಳು ಇದ್ದವು. ಅದರ ವ್ಯಾಖ್ಯೆ ವಿಶಾಲವಾಗಿತ್ತು. ಹುಟ್ಟಿನಲ್ಲಿ ಗುರುತಿಸಿದ ಲಿಂಗ ತನ್ನದಲ್ಲವೆಂದು ಅರಿತವರು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರಲಿ ಬಿಡಲಿ, ಅದರೊಳಗೆ ಬರುತ್ತಿದ್ದರು. ಕಿನ್ನರ, ಹಿಜ್ರಾ, ಅರವಾಣಿಯರ ಜೊತೆಗೆ ನಮ್ಮ ಎಲ್ಲಮ್ಮನ ಸೀಮೆಯ ಜೋಗತರ ಹೆಸರೂ ಇತ್ತು. ಶಿಕ್ಷಣದಲ್ಲಿಯೂ ಸರ್ಕಾರಿ ಉದ್ಯೋಗದಲ್ಲಿಯೂ ಶೇ. 2ರ ಮೀಸಲಾತಿ, ರಾಷ್ಟ್ರ ಹಾಗೂ ರಾಜ್ಯ ಮಟ್ಟದ ಆಯೋಗಗಳು, ಹಕ್ಕುಚ್ಯುತಿಯ ದೂರುಗಳನ್ನು ಬೇಗ ಇತ್ಯರ್ಥಗೊಳಿಸಲು ವಿಶೇಷ ನ್ಯಾಯಾಲಯಗಳು, ಆರೋಗ್ಯ ಮತ್ತು ಸಾಮಾಜಿಕ ಭದ್ರತೆಯ ಏರ್ಪಾಡುಗಳು ಅದರ ಮುಖ್ಯ ಭಾಗಗಳು. 2011ರ ಜನಗಣತಿ ಮೊದಲ ಬಾರಿಗೆ ಗಂಡು, ಹೆಣ್ಣುಗಳ ಜೊತೆಗೆ ‘ಇತರೆ’ ಎಂಬ ಗುರುತಿಗೆ ಅವಕಾಶ ಕೊಟ್ಟಾಗ ದೇಶದಲ್ಲಿ 4,87,803 ಮಂದಿ ಆ ಗುರುತಿನಡಿ ಎಣಿಕೆಯಾಗಿದ್ದರು, ಕರ್ನಾಟಕದಲ್ಲಿ 20,266. ಮನೆ ಬಾಗಿಲಿಗೆ ಬಂದ ಗಣತಿದಾರರ ಮುಂದೆ ಕುಟುಂಬದವರ ಎದುರಿಗೇ ಈ ಉತ್ತರ ಕೊಡಬಲ್ಲವರೆಷ್ಟು ಎಂದು ಯೋಚಿಸಿದರೆ ಇದು ಪೂರ್ತಿ ಲೆಕ್ಕವಾಗಿರಲಾರದು. ಹಾಗಿದ್ದರೂ ಮಸೂದೆಯ ಪರವಾಗಿ ಮಾತನಾಡುವವರಿಗೆ ಒಂದು ಅಂಕಿಯಾದರೂ ದೊರಕಿತ್ತು.

ಏಪ್ರಿಲ್ 24ರ ಚರ್ಚೆಗೆ ಸರ್ಕಾರದ ಪರವಾಗಿ ಉತ್ತರಿಸಿದವರು ಸಾಮಾಜಿಕ ನ್ಯಾಯ ಸಚಿವರಾದ ಥಾವರ್‌ಚಂದ್ ಗೆಹಲೋತ್. ಅವರು ಆಶಯವನ್ನು ವಿರೋಧಿಸಲಿಲ್ಲ. ಸಚಿವಾಲಯದ ತಜ್ಞರ ಸಮಿತಿ 2014ರ ಜನವರಿಯಲ್ಲಿಯೇ ವರದಿ ಕೊಟ್ಟಿತ್ತು, ಸುಪ್ರೀಂ ಕೋರ್ಟಿನ ನಿರ್ದೇಶನವೂ ಇತ್ತು. ಮಸೂದೆಯಲ್ಲಿ ಕೊರತೆಗಳಿವೆ, ಸರ್ಕಾರವೇ ಕ್ರಮ ಕೈಗೊಳ್ಳಲಿದೆ, ಆದ್ದರಿಂದ ಹಿಂತೆಗೆದುಕೊಳ್ಳಬೇಕು ಎಂಬುದು ಅವರ ನಿಲುವಿನ ಸಾರ. ಇದನ್ನು ಕೇವಲ ನೆಪವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಹೊಸ ಆಯೋಗಗಳು, ಹೊಸ ನ್ಯಾಯಾಲಯಗಳು, ಹೊಸ ಮೀಸಲಾತಿ ಎಂದರೆ ಹಣಕಾಸು, ಕಾನೂನು, ಸಿಬ್ಬಂದಿ ಇಲಾಖೆಗಳ ಒಪ್ಪಿಗೆ ಬೇಕು; ಒಬ್ಬ ಸದಸ್ಯರು ತಮ್ಮ ಮನೆಯಲ್ಲಿ ಕುಳಿತು ಬರೆದ ಕರಡಿಗೆ ಆ ಸೌಕರ್ಯವಿರುವುದಿಲ್ಲ. ಆದರೆ ಕಡತಗಳ ನಡುವೆ ಬದುಕುವ ನಮಗೆ ‘ಪರಿಶೀಲನೆಯಲ್ಲಿದೆ’ ಎಂಬ ಪದದ ಆಯುಸ್ಸು ಎಷ್ಟೆಂದು ಚೆನ್ನಾಗಿ ಗೊತ್ತು. ಸದನದಲ್ಲಿ ಕೊಟ್ಟ ಭರವಸೆಯನ್ನು ಸಾಮಾನ್ಯವಾಗಿ ಮೂರು ತಿಂಗಳಲ್ಲಿ ಈಡೇರಿಸಬೇಕೆಂಬ ನಿಯಮವಿದೆ, ಈಡೇರಿತೇ ಎಂದು ನೋಡಲು ಎರಡೂ ಸದನಗಳಲ್ಲಿ ಸಮಿತಿಗಳಿವೆ. ಕಾಲಾವಕಾಶ ವಿಸ್ತರಣೆ ಕೋರುವ ಪತ್ರಗಳೂ ಅಷ್ಟೇ ನಿಯಮಬದ್ಧವಾಗಿ ಹೋಗುತ್ತಿರುತ್ತವೆ.

ಶಿವ ಅವರು ಆ ಭರವಸೆಯನ್ನು ನಂಬಲಿಲ್ಲವೆನ್ನುವುದಕ್ಕಿಂತ, ಭರವಸೆಗೆ ಪ್ರತಿಯಾಗಿ ತಮ್ಮ ಕೈಯಲ್ಲಿದ್ದ ಒಂದೇ ಸಾಧನವನ್ನು ಒಪ್ಪಿಸಲು ಸಿದ್ಧರಿರಲಿಲ್ಲವೆನ್ನುವುದು ಸರಿ. ಅವರು ಮತ ವಿಭಜನೆಗೆ ಪಟ್ಟು ಹಿಡಿದರು. ಆಗಿನ ರಾಜ್ಯಸಭೆಯಲ್ಲಿ ಸರ್ಕಾರಕ್ಕೆ ಬಹುಮತವಿರಲಿಲ್ಲ. ಎಣಿಕೆಗೆ ಹೋದರೆ ಸೋಲಬಹುದಿತ್ತು. ಗೆದ್ದರೂ, ಸಮಾಜದ ಅತ್ಯಂತ ಅಂಚಿನಲ್ಲಿರುವವರ ವಿರುದ್ಧ ಯಾರು ಯಾರು ಮತ ಹಾಕಿದರೆಂಬುದು ಹೆಸರು ಸಮೇತ ದಾಖಲಾಗುತ್ತಿತ್ತು. ಸಭಾನಾಯಕರಾಗಿದ್ದ ಅರುಣ್ ಜೇಟ್ಲಿಯವರು ಇಂತಹ ವಿಷಯದಲ್ಲಿ ಸದನ ಒಡೆದು ಕಾಣಬಾರದೆಂಬ ಮಾತನ್ನಾಡಿದ ಮೇಲೆ ದಾರಿ ಸುಗಮವಾಯಿತು. ಉಪಸಭಾಪತಿ ಪಿ. ಜೆ. ಕುರಿಯನ್ ಅವರ ಅಧ್ಯಕ್ಷತೆಯಲ್ಲಿ ಮಸೂದೆ ಧ್ವನಿಮತದಿಂದ ಅಂಗೀಕಾರವಾಯಿತು. ಯಾರೂ ಬೇಡವೆನ್ನಲಿಲ್ಲ.

ಆ ದಿನದ ಸಂತೋಷ ಸಹಜವಾದದ್ದು. ಆದರೆ ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಆ ಸರ್ವಾನುಮತದಲ್ಲಿ ಒಂದು ಕೊರತೆಯಿತ್ತು. ಧ್ವನಿಮತದಲ್ಲಿ ಯಾರ ಹೆಸರೂ ಉಳಿಯುವುದಿಲ್ಲ. ‘ಹೌದು’ ಎಂದವರಲ್ಲಿ ಮನಸಾರೆ ಹೇಳಿದವರಿದ್ದರು, ಸುಮ್ಮನಿದ್ದವರಿದ್ದರು, ಹೇಗೂ ಲೋಕಸಭೆಯಲ್ಲಿ ನಿಲ್ಲುತ್ತದೆಂದು ಲೆಕ್ಕ ಹಾಕಿದವರೂ ಇದ್ದಿರಬಹುದು. ಅವರೆಲ್ಲರೂ ಒಂದೇ ದನಿಯಾಗಿ ದಾಖಲಾದರು. ಮಸೂದೆಗೆ ಬೆಂಬಲ ದೊರಕಿತು. ಬೆಂಬಲಿಸಿದವರು ಯಾರೆಂಬುದು ದೊರಕಲಿಲ್ಲ.

ಎಣಿಕೆ ನಡೆದರೆ ಚಿತ್ರ ಹೇಗೆ ಬದಲಾಗುತ್ತದೆ ಎಂಬುದು ಅದೇ ವರ್ಷ ಇನ್ನೊಂದು ಸದನದಲ್ಲಿ ಕಂಡಿತು. 2015ರ ಡಿಸೆಂಬರ್ 18ರಂದು ಕಾಂಗ್ರೆಸ್ಸಿನ ಶಶಿ ತರೂರ್ ಅವರು 377ನೇ ಕಲಮಿಗೆ ತಿದ್ದುಪಡಿ ತರುವ ಖಾಸಗಿ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಲು ಹೊರಟರು. ಮಂಡನೆಯ ಹಂತದಲ್ಲಿ ಖಾಸಗಿ ಮಸೂದೆಯನ್ನು ವಿರೋಧಿಸುವುದು ವಾಡಿಕೆಯಲ್ಲ. ಒಳಗೆ ಬಿಟ್ಟು ಆಮೇಲೆ ಮರೆತರಾಯಿತು. ಇಲ್ಲಿ ವಿರೋಧ ಬಂದಿತು, ಮತ ಎಣಿಸಲಾಯಿತು. ಪರವಾಗಿ 24, ವಿರುದ್ಧ 71. ಮರುವರ್ಷ ಮಾರ್ಚ್‌ನಲ್ಲಿ ಅವರು ಮತ್ತೆ ಪ್ರಯತ್ನಿಸಿದಾಗ ಪರವಾಗಿ 14, ವಿರುದ್ಧ 58. 543 ಸದಸ್ಯರ ಸದನದಲ್ಲಿ ಮತ ಹಾಕಿದವರು ನೂರಕ್ಕೂ ಕಡಿಮೆ. ಮಿಕ್ಕವರಲ್ಲಿ ಎಷ್ಟೋ ಮಂದಿ ಬೇರೆಡೆ ಪ್ರಗತಿಪರ ಮಾತನಾಡುತ್ತಿದ್ದವರು. ತರೂರರ ಪಕ್ಷದವರೂ ಅವರಲ್ಲಿದ್ದರು. ಶುಕ್ರವಾರದ ಮಧ್ಯಾಹ್ನ ವಿಮಾನ ಹತ್ತಿ ಕ್ಷೇತ್ರಕ್ಕೆ ಹೊರಟವರನ್ನು ವಿರೋಧಿಗಳೆನ್ನಲಾಗದು, ಬೆಂಬಲಿಗರೆಂದೂ ಬರೆದುಕೊಳ್ಳಲಾಗದು. ತರೂರರ ಸೋಲು ಶಿವ ಅವರ ಗೆಲುವಿಗಿಂತ ಹೆಚ್ಚು ಮಾಹಿತಿಯನ್ನು ನಮಗೆ ಬಿಟ್ಟುಹೋಗಿದೆ. 377ನೇ ಕಲಮಿನ ಆ ಭಾಗ ಕೊನೆಗೆ ಹೋದದ್ದು 2018ರ ಸೆಪ್ಟೆಂಬರ್ 6ರಂದು, ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಕೈಯಿಂದ. ಶಾಸಕಾಂಗಕ್ಕೆ ಬಿಟ್ಟ ವಿಷಯವನ್ನು ಶಾಸಕಾಂಗ ಕೈಗೆತ್ತಿಕೊಳ್ಳಲಿಲ್ಲ.

ಶಿವ ಅವರ ಮಸೂದೆ ಲೋಕಸಭೆಗೆ ಹೋಯಿತು. 2016ರ ಫೆಬ್ರವರಿ 26ರಂದು ಬಿಜು ಜನತಾ ದಳದ ಬೈಜಯಂತ್ ಪಂಡಾ ಅವರು ಅದನ್ನು ಅಲ್ಲಿ ಚರ್ಚೆಗೆ ತಂದರು. ಆದರೆ ಆ ಬಾಗಿಲಿನಿಂದ ಅದು ಕಾಯಿದೆಯಾಗಿ ಹೊರಬರಲಿಲ್ಲ. ಸರ್ಕಾರ 2016ರ ಆಗಸ್ಟ್ 2ರಂದು ತನ್ನದೇ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿತು. ಗೆಹಲೋತರು ಕೊಟ್ಟ ಭರವಸೆ ಈ ಅರ್ಥದಲ್ಲಿ ಈಡೇರಿತೆಂದೇ ಹೇಳಬೇಕು. ಆದರೆ ಏನು ಈಡೇರಿತು? ಲಿಂಗತ್ವ ಅಲ್ಪಸಂಖ್ಯಾತರೆಂದರೆ ಪೂರ್ತಿ ಗಂಡೂ ಅಲ್ಲದ ಪೂರ್ತಿ ಹೆಣ್ಣೂ ಅಲ್ಲದವರು ಎಂಬ ಧಾಟಿಯ ವ್ಯಾಖ್ಯೆ ಬಂದಿತು. ತಾನಾರೆಂದು ತಾನೇ ಹೇಳಿದರೆ ಸಾಲದು, ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಒಪ್ಪಬೇಕು ಎಂಬ ಏರ್ಪಾಡು ಬಂದಿತು. ಭಿಕ್ಷಾಟನೆಗೆ ಪ್ರೇರೇಪಿಸುವುದನ್ನು ಅಪರಾಧವಾಗಿಸುವ ಕಲಮು ಬಂದಿತು. ಬೇರೆ ಜೀವನೋಪಾಯ ಸಿಗದ ಸಮುದಾಯದಲ್ಲಿ ಅದು ಯಾರ ಮೇಲೆ ಬೀಳುತ್ತದೆಂಬುದು ಸ್ಪಷ್ಟವಿತ್ತು. ಮೀಸಲಾತಿ ಹೋಯಿತು, ಆಯೋಗಗಳು ಹೋದವು, ವಿಶೇಷ ನ್ಯಾಯಾಲಯಗಳು ಹೋದವು.

ಮುಂದಿನ ಮೂರು ವರ್ಷ ಈ ಕರಡಿನ ವಿರುದ್ಧ ಬೀದಿಯಲ್ಲಿ ನಿಂತವರು ಸಮುದಾಯದವರೇ. ಸಂಸತ್ತಿನ ಸ್ಥಾಯಿ ಸಮಿತಿ 2017ರ ಜುಲೈನಲ್ಲಿ ಹಲವು ತಿದ್ದುಪಡಿಗಳನ್ನು ಸೂಚಿಸಿತು. 2018ರ ಡಿಸೆಂಬರ್ 17ರಂದು ಲೋಕಸಭೆ 27 ತಿದ್ದುಪಡಿಗಳೊಂದಿಗೆ ಅದನ್ನು ಅಂಗೀಕರಿಸಿತು, ವ್ಯಾಖ್ಯೆ ಸುಧಾರಿಸಿತು. ಲೋಕಸಭೆ ವಿಸರ್ಜನೆಯಾದಾಗ ಮಸೂದೆಯೂ ಅಸುನೀಗಿತು. 2019ರ ಜುಲೈನಲ್ಲಿ ಮತ್ತೆ ಮಂಡನೆಯಾದಾಗ ಪರಿಶೀಲನಾ ಸಮಿತಿಯೂ ಭಿಕ್ಷಾಟನೆಯ ಕಲಮೂ ಇರಲಿಲ್ಲ. ಪ್ರತಿಭಟನೆ ವ್ಯರ್ಥವಾಗಲಿಲ್ಲವೆಂಬುದಕ್ಕೆ ಇದು ಪುರಾವೆ. ಲೋಕಸಭೆ ಇದನ್ನು ಅಂಗೀಕರಿಸಿದ್ದು 2019ರ ಆಗಸ್ಟ್ 5ರಂದು. ಅಂದು ದೇಶದ ಕಣ್ಣುಗಳೆಲ್ಲ ಕಾಶ್ಮೀರದ 370ನೇ ವಿಧಿಯ ಮೇಲಿದ್ದವು; ಇನ್ನೊಂದು ಸದನದಲ್ಲಿ ಏನಾಯಿತೆಂದು ನಮ್ಮ ಕಚೇರಿಯ ಚಹಾ ಗುಂಪಿನಲ್ಲಿ ಕೇಳಿದವರೇ ಇರಲಿಲ್ಲ. ನಾವೂ ಕೇಳಲಿಲ್ಲ.

ಮಸೂದೆ ರಾಜ್ಯಸಭೆಗೆ ಬಂದದ್ದು ನವೆಂಬರ್‌ನಲ್ಲಿ. ನವೆಂಬರ್ 26, ಸಂವಿಧಾನ ದಿನ. ನಾಲ್ಕೂವರೆ ವರ್ಷಗಳ ಹಿಂದೆ ಇದೇ ಸದನ ಸರ್ವಾನುಮತದಿಂದ ಮೀಸಲಾತಿ, ಆಯೋಗ, ನ್ಯಾಯಾಲಯಗಳನ್ನು ಒಪ್ಪಿಕೊಂಡಿತ್ತು. ಈಗ ಅದರ ಮುಂದಿದ್ದ ಮಸೂದೆಯಲ್ಲಿ ಅವು ಮೂರೂ ಇರಲಿಲ್ಲ. ಸ್ವಂತ ಅರಿವಿನ ಗುರುತನ್ನು ಒಂದು ಕಲಮು ಹಕ್ಕೆಂದು ಒಪ್ಪಿದರೆ, ಮುಂದಿನ ಕಲಮುಗಳು ಆ ಗುರುತಿಗೆ ಜಿಲ್ಲಾಧಿಕಾರಿಯ ಪ್ರಮಾಣಪತ್ರ ಬೇಕೆಂದವು. ಗಂಡು ಅಥವಾ ಹೆಣ್ಣೆಂದು ದಾಖಲಾಗಬೇಕಾದರೆ ಶಸ್ತ್ರಚಿಕಿತ್ಸೆಯ ದಾಖಲೆ ಕೊಟ್ಟು ಪರಿಷ್ಕೃತ ಪ್ರಮಾಣಪತ್ರ ಪಡೆಯಬೇಕೆಂದವು. ಲೈಂಗಿಕ ದೌರ್ಜನ್ಯವೂ ಸೇರಿದಂತೆ ಹಲವು ಅಪರಾಧಗಳಿಗೆ ಆರು ತಿಂಗಳಿಂದ ಎರಡು ವರ್ಷಗಳ ಶಿಕ್ಷೆ. ಮಹಿಳೆಯ ಮೇಲಿನ ಅತ್ಯಾಚಾರಕ್ಕೆ ಆ ವೇಳೆಗಾಗಲೇ ಕನಿಷ್ಠ 10 ವರ್ಷದ ಶಿಕ್ಷೆಯಿತ್ತು. ಒಂದೇ ದೇಶದ ಕಾನೂನಿನಲ್ಲಿ ಎರಡು ದೇಹಗಳಿಗೆ ಎರಡು ಬೆಲೆ ಕಟ್ಟಿದಂತಾಯಿತು.

ಮಸೂದೆಯನ್ನು ಆಯ್ಕೆ ಸಮಿತಿಗೆ ಒಪ್ಪಿಸಬೇಕೆಂಬ ಗೊತ್ತುವಳಿಯನ್ನು ಅಂದು ಮಂಡಿಸಿದವರು ಅದೇ ತಿರುಚ್ಚಿ ಶಿವ. ಈ ಬಾರಿ ಮತಗಳನ್ನು ಎಣಿಸಲಾಯಿತು. ಪರವಾಗಿ 55, ವಿರುದ್ಧ 74. ಗೊತ್ತುವಳಿ ಬಿದ್ದುಹೋಯಿತು, ಮಸೂದೆ ಅಂಗೀಕಾರವಾಯಿತು. ಡಿಸೆಂಬರ್ 5ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದು, 2020ರ ಜನವರಿ 10ರಿಂದ ಕಾಯಿದೆ ಜಾರಿಗೆ ಬಂದಿತು.

ಈ ಎರಡು ದಿನಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಒಂದು ದಿನ ಯಾರೂ ವಿರೋಧಿಸಲಿಲ್ಲ, ಕಾನೂನೂ ಆಗಲಿಲ್ಲ. ಇನ್ನೊಂದು ದಿನ 55 ಮಂದಿ ಮಾತ್ರ ಶಿವ ಅವರ ಪರ ಕೈಯೆತ್ತಿದರು, ಅವರು ಸೋತರು. ಹಾಗಿದ್ದರೂ ಆ 55 ಎಂಬ ಅಂಕಿ 2015ರ ಸರ್ವಾನುಮತಕ್ಕಿಂತ ಹೆಚ್ಚು ಗಟ್ಟಿಯಾದದ್ದೆಂದು ನಮ್ಮ ಅಭಿಪ್ರಾಯ. ಪಕ್ಷದ ಆದೇಶ, ರಾಜಕೀಯದ ಲೆಕ್ಕಾಚಾರ ಅದರಲ್ಲಿಯೂ ಇದ್ದೀತು. ಆದರೆ ತೆಗೆದುಕೊಂಡ ನಿಲುವು ದಾಖಲಾಯಿತು, ಮುಂದಿನ ತಲೆಮಾರು ಕೇಳಬಹುದಾದ ಪ್ರಶ್ನೆಗೆ ಒಂದು ಆಧಾರ ಉಳಿಯಿತು. ರಾಜಕಾರಣಿಯೊಬ್ಬರ ಬೆಂಬಲವನ್ನು ಅಳೆಯಬೇಕಾದದ್ದು ಗೆಲ್ಲುವ ದಿನದ ಭಾಷಣದಿಂದ ಮಾತ್ರವಲ್ಲ, ಸೋಲುವ ದಿನ ಅವರು ಮತ್ತೆ ಎದ್ದು ನಿಂತರೇ ಎಂಬುದರಿಂದ. ಶಿವ ಅವರು ನಿಂತರು. ಅವರ ಪಕ್ಷದ ಬೇರೆ ರಾಜಕಾರಣವನ್ನು ನಾವು ಒಪ್ಪಬೇಕೆಂದೇನಿಲ್ಲ. ಈ ಒಂದು ವಿಷಯದಲ್ಲಿ ಅವರು 2014ರಲ್ಲಿ ಹೇಳಿದ್ದನ್ನೇ 2019ರಲ್ಲಿಯೂ ಹೇಳಿದರೆಂಬುದು ಕಡತದಲ್ಲಿದೆ.

ಹಾಗಾದರೆ ಆ ಶುಕ್ರವಾರದ ಮಸೂದೆ ವ್ಯರ್ಥವಾಯಿತೇ? ಹಾಗೆನ್ನಲಾಗದು. ಸಂಸತ್ತಿನ ಒಂದು ಸದನ ಒಪ್ಪಿದ ಪಠ್ಯ ಮುಂದಿನ ಪ್ರತಿಯೊಂದು ಕರಡಿಗೂ ಅಳತೆಗೋಲಾಯಿತು. 2016ರ ಕರಡನ್ನು ಟೀಕಿಸಿದವರು, ನೀವೇ ಒಪ್ಪಿದ್ದಕ್ಕಿಂತ ಇದು ಕಡಿಮೆ ಎಂದು ಹೇಳಲು ಸಾಧ್ಯವಾಯಿತು. ರಾಜ್ಯಗಳು ತಮ್ಮ ದಾರಿ ಹುಡುಕಿಕೊಂಡವು. 2017ರಲ್ಲಿ ಕರ್ನಾಟಕ ಈ ಸಮುದಾಯಕ್ಕಾಗಿ ಪ್ರತ್ಯೇಕ ನೀತಿಯೊಂದನ್ನು ಒಪ್ಪಿಕೊಂಡಿತು. ಪೊಲೀಸ್ ನೇಮಕಾತಿಯ ಪ್ರಕಟಣೆಯಲ್ಲಿ ಗಂಡು, ಹೆಣ್ಣುಗಳ ಹೊರತು ಬೇರೆಯವರಿಗೆ ಜಾಗವೇ ಇಲ್ಲವೆಂದು ಹೈಕೋರ್ಟಿನಲ್ಲಿ ಪ್ರಶ್ನೆಯೆದ್ದ ಮೇಲೆ, 2021ರ ಜುಲೈನಲ್ಲಿ ರಾಜ್ಯದ ನೇಮಕಾತಿ ನಿಯಮಗಳಿಗೆ ತಿದ್ದುಪಡಿ ಬಂದಿತು: ಪ್ರತಿಯೊಂದು ವರ್ಗದೊಳಗೂ ಶೇ. 1ರಷ್ಟು ಸಮತಲ ಮೀಸಲಾತಿ. ದೇಶದಲ್ಲಿ ಇಂತಹ ಹೆಜ್ಜೆಯಿಟ್ಟ ಮೊದಲ ರಾಜ್ಯ ಕರ್ನಾಟಕ. ಅದೇ ತಿಂಗಳು ಬೆಂಗಳೂರಿನ ರಾಜಭವನಕ್ಕೆ ಹೊಸ ರಾಜ್ಯಪಾಲರು ಬಂದರು. ಅವರೇ ಥಾವರ್‌ಚಂದ್ ಗೆಹಲೋತ್. 2015ರಲ್ಲಿ ಹಿಂತೆಗೆದುಕೊಳ್ಳಿರೆಂದು ತಾವು ಕೇಳಿದ್ದ ಮಸೂದೆಯ ಒಂದು ಅಂಶ ತಮ್ಮ ಹೊಸ ರಾಜ್ಯದಲ್ಲಿ ನಿಯಮವಾಗಿದ್ದನ್ನು ಅವರು ಕಂಡಿರಬೇಕು. ನಿಜಾಮರ 1919ರ ಕಾಯಿದೆಯೂ ಉಳಿಯಲಿಲ್ಲ; 2023ರ ಜುಲೈನಲ್ಲಿ ತೆಲಂಗಾಣ ಹೈಕೋರ್ಟು ಅದನ್ನು ಅಸಾಂವಿಧಾನಿಕವೆಂದು ರದ್ದುಗೊಳಿಸಿತು. ಅಷ್ಟರಲ್ಲಿ ಅದು ಶತಮಾನ ಪೂರೈಸಿತ್ತು.

ನಮ್ಮ ನಡುವೆ ಗೌರವಕ್ಕೇನೂ ಕೊರತೆಯಾಗಿಲ್ಲ. ಜೋಗತಿ ಪರಂಪರೆಯ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆದರು. ಅವರು ಸೆರಗಿನ ತುದಿಯಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದ ದೃಶ್ಯವನ್ನು ದೂರದ ಊರುಗಳಲ್ಲಿರುವ ಕನ್ನಡಿಗರೆಲ್ಲ ಹೆಮ್ಮೆಯಿಂದ ಹಂಚಿಕೊಂಡರು; ನಾವೂ ಹಂಚಿಕೊಂಡೆವು. ಆದರೆ ಆ ಚಪ್ಪಾಳೆಯೂ ಒಂದು ಬಗೆಯ ಧ್ವನಿಮತವೇ ಅಲ್ಲವೇ? ಬಾಡಿಗೆಗೆ ಮನೆ ಕೇಳಿಕೊಂಡು ಬಂದವರಿಗೆ, ಕಚೇರಿಯಲ್ಲಿ ಪಕ್ಕದ ಮೇಜಿಗೆ ನೇಮಕವಾಗಿ ಬಂದವರಿಗೆ ನಾವೇನು ಹೇಳುತ್ತೇವೆಂಬುದೇ ಎಣಿಕೆಯ ಮತ.

ಈ ಪ್ರಶ್ನೆ ನಮ್ಮಂತಹ ನೌಕರರ ಮೇಜಿಗೂ ಬಂದಿದೆ. 2020ರ ಏಪ್ರಿಲ್ 20ರಂದು ಕೇಂದ್ರದ ಸಿಬ್ಬಂದಿ ಇಲಾಖೆ, ನೇಮಕಾತಿ ಪರೀಕ್ಷೆಗಳ ನಿಯಮಗಳಲ್ಲಿ ಗಂಡು, ಹೆಣ್ಣುಗಳ ಜೊತೆಗೆ ಮೂರನೆಯ ವರ್ಗವನ್ನೂ ಸೇರಿಸಬೇಕೆಂದು ಎಲ್ಲ ಸಚಿವಾಲಯಗಳಿಗೆ ಸೂಚಿಸಿತು. ಅರ್ಜಿಯ ನಮೂನೆಯಲ್ಲಿ ಮೂರನೆಯ ಚೌಕ ಬಂದಿತು. ಚೌಕವೊಂದನ್ನು ಮುದ್ರಿಸಲು ಒಂದು ಸುತ್ತೋಲೆ ಸಾಕು; ಅದನ್ನು ತುಂಬಿದವರು ಸೇವೆಗೆ ಸೇರಿ, ಬಡ್ತಿ ಪಡೆದು, ಪಿಂಚಣಿಯೊಂದಿಗೆ ನಿವೃತ್ತರಾಗಲು ಕಾನೂನು ಬೇಕು, ಕಾನೂನಿನ ಹಿಂದೆ ಹೆಸರು ಕೊಟ್ಟು ನಿಲ್ಲುವವರು ಬೇಕು.

ಶುಕ್ರವಾರದ ಮಧ್ಯಾಹ್ನಗಳು ಈಗಲೂ ಮೊದಲಿನಂತೆಯೇ ಇವೆ. ಕಾರ್ಯಸೂಚಿಯಲ್ಲಿ ಖಾಸಗಿ ಸದಸ್ಯರ ಮಸೂದೆಗಳ ಉದ್ದ ಪಟ್ಟಿಯಿರುತ್ತದೆ. ಅವುಗಳಲ್ಲಿ ಹೆಚ್ಚಿನವು ಎಲ್ಲಿಯೂ ತಲುಪಲಾರವೆಂದು ಬರೆದವರಿಗೂ ಗೊತ್ತು, ಓದುವ ನಮಗೂ ಗೊತ್ತು. ಆದರೂ 2015ರ ಆ ದಿನದ ನಂತರ ನಾವು ಆ ಪಟ್ಟಿಯನ್ನು ಪೂರ್ತಿ ಓದದೆ ಮಡಿಸಿಡುವುದಿಲ್ಲ. ಮಂತ್ರಿಗಳು ಹಿಂತೆಗೆದುಕೊಳ್ಳಿ ಎಂದಾಗ ಇಲ್ಲವೆನ್ನುವವರೊಬ್ಬರು ಅದರಲ್ಲಿ ಇರಬಹುದು.